ಬೃಹತ್ ಉತ್ಪಾದಕರು

ಹೊಗಳಿಸಿಕೊಳ್ಳಬೇಕು ಅನ್ನಿಸಿದಾಗ ಮನುಷ್ಯ ಹೊಗಳುವವರನ್ನು ಹುಡುಕುತ್ತಾನೆ. ಯಾರೂ ಸಿಗದಿದ್ದರೆ ಆ ಕೆಲಸವನ್ನು ತಾನೇ ವಹಿಸಿಕೊಳ್ಳುತ್ತಾನೆ. ನಮ್ಮ ಬೀದಿಯ ದರ್ಜಿ ನಾಳೆ ಮಾಸ್ಟರಿಗೆ ಹುಡುಕುವ ತಾಳ್ಮೆಯೂ ಇರಲಿಲ್ಲ, ನೇರವಾಗಿ ವಹಿಸಿಕೊಂಡುಬಿಡುತ್ತಿದ್ದರು.

ನಾಳೆ ಮಾಸ್ಟರ್ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಗಿರಾಕಿಗಳು ಕೊಟ್ಟದ್ದು. ಅಂಗಿ ಯಾವಾಗ ಆಗುತ್ತೆ ಎಂದು ಯಾರು ಕೇಳಿದರೂ ಅವರ ಬಾಯಿಂದ "ನಾಳೆ" ಎಂದೇ ಬರುತ್ತಿತ್ತು. ಸುಳ್ಳು ಹೇಳಬೇಕೆಂದು ಹೇಳುತ್ತಿರಲಿಲ್ಲ ಪಾಪ, ಹೇಳುವ ಆ ಕ್ಷಣಕ್ಕೆ ಅವರೇ ಮೊದಲು ನಂಬಿರುತ್ತಿದ್ದರು. ಅವರ ಇನ್ನೊಂದು ಮಾತು "ಬಟ್ಟೆ ಉಳೀಲಿಲ್ಲ" ಎಂಬುದು. ಇದು ಮಾತ್ರ ಅಪ್ಪಟ ನಿಜ. ಕತ್ತರಿ ಕೈಗೆ ಬಂದರೆ ಅವರಂಥ ಜಿಪುಣ ಇನ್ನೊಬ್ಬರಿಲ್ಲ. ತೋಳು, ಕಾಲರು, ಜೇಬು ಎಲ್ಲ ತೆಗೆದ ಮೇಲೆ ಮಿಗುತ್ತಿದ್ದದ್ದು ಬೆರಳಗಲದ ಚೂರುಗಳು, ಒಂದಿಷ್ಟು ದಾರ. ಆದರೆ ಲೋಕದ ರೀತಿ ನೋಡಿ. "ನಾಳೆ" ಎಂಬ ಸುಳ್ಳನ್ನು ಗಿರಾಕಿಗಳು ನಗುತ್ತಾ ಕ್ಷಮಿಸುತ್ತಿದ್ದರು, "ಉಳೀಲಿಲ್ಲ" ಎಂಬ ನಿಜವನ್ನು ಕೇಳಿದಾಗ ಮಾತ್ರ ಮೇಜಿನ ಕೆಳಗೆ ಬಗ್ಗಿ ನೋಡುತ್ತಿದ್ದರು.

ರಸ್ತೆಯ ತಿರುವಿನಲ್ಲಿ, ಬೇಕರಿಗೆ ಅಂಟಿಕೊಂಡ ಒಂದೇ ಕೋಣೆಯ ಅಂಗಡಿ. ಒಳಗೆ ಕತ್ತರಿಸುವ ಮೇಜು, ಇಸ್ತ್ರಿ ಪೆಟ್ಟಿಗೆ, ಉದ್ದ ಕನ್ನಡಿ, ಎರಡು ಹೊಲಿಗೆ ಯಂತ್ರ. ಒಂದು ಓಡುವುದು, ಇನ್ನೊಂದು ಅಂಗಡಿ ದೊಡ್ಡದು ಎಂದು ತೋರಿಸಲು ಇಟ್ಟದ್ದು. ಮೂಲೆಯ ಸ್ಟೂಲಿನ ಮೇಲೆ ಮಾಸ್ಟರ ಹೆಂಡತಿ ಕೂತು ಕಾಜ ಹೊಲಿಯುತ್ತಿದ್ದರು, ಗುಂಡಿ ಹಚ್ಚುತ್ತಿದ್ದರು. ಮಾಸ್ಟರು ಮಾತಾಡುವುದು, ಆಕೆ ಕೆಲಸ ಮಾಡುವುದು, ಹೀಗೆ ಅಂಗಡಿ ಸರಾಗವಾಗಿ ನಡೆಯುತ್ತಿತ್ತು.

ಒಂದು ದಿನ ಹೆಂಡತಿಯ ಅಣ್ಣ ಬಂದರು. ಈ ಭಾವನಿಗೆ ಊರಾಚೆ ರೆಡಿಮೇಡ್ ಬಟ್ಟೆಯ ಕಾರ್ಖಾನೆ. ಅಂಗಡಿಯ ಒಂದೇ ಕುರ್ಚಿಯಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿ, ಅವರು ತಂಗಿಯ ಸಂಸಾರದ ಮೇಲೆ ಕಣ್ಣಾಡಿಸಿದರು.

"ಏನ್ ಮಾಸ್ಟರೇ, ಇನ್ನೂ ಒಂದೊಂದೇ ಅಂಗಿ ಹೊಲೀತಾ ಇದೀರಾ? ನಮ್ಮಲ್ಲಿ ಚಿಂದಿ ಸಾಗಿಸೋಕೇ ಲಾರಿ ಬೇಕು."

ಮಾಸ್ಟರ ಹೊಟ್ಟೆಯೊಳಗೆ ಇಸ್ತ್ರಿ ಪೆಟ್ಟಿಗೆ ಇಟ್ಟ ಹಾಗಾಯಿತು. ಏನಾದರೂ ಹೇಳಲೇಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ, ಮಗಳ ವಯಸ್ಸಿನ ಅಧಿಕಾರಿಯೊಬ್ಬರು ಮೊಬೈಲು ಹಿಡಿದು ಮೆಟ್ಟಿಲು ಹತ್ತಿದರು. ಪರಿಸರ ಕಚೇರಿಯವರಂತೆ. ಹೊಸ ನಿಯಮದ ಪ್ರಕಾರ ಪ್ರತಿ ಅಂಗಡಿಯ ಕಸವನ್ನೂ ನೋಂದಣಿ ಮಾಡಬೇಕಿತ್ತು. ಅದನ್ನೆಲ್ಲ ಆಕೆ ವಿವರವಾಗಿಯೇ ಹೇಳಿದರು. ಆದರೆ ಮಾಸ್ಟರ ಕಿವಿ ಭಾವನ ಲಾರಿಯ ಹಿಂದೆ ಹೋಗಿತ್ತು. ಕಿವಿ ವಾಪಸು ಬಂದದ್ದು ಕೊನೆಯ ಪ್ರಶ್ನೆಗೆ.

"ನೀವು ಸಣ್ಣ ಉತ್ಪಾದಕರಾ, ಬೃಹತ್ ಉತ್ಪಾದಕರಾ ಸಾರ್?"

ಎಂಥಾ ಪ್ರಶ್ನೆ! ಅದೂ ಎಂಥಾ ಹೊತ್ತಿನಲ್ಲಿ! ಮಾಸ್ಟರು ಕೊರಳಲ್ಲಿದ್ದ ಟೇಪನ್ನು ಶಾಲಿನ ಹಾಗೆ ಸರಿಮಾಡಿಕೊಂಡರು.

"ಬೃಹತ್," ಅಂದರು.

ಆಕೆ ಕೋಣೆಯನ್ನೊಮ್ಮೆ ನೋಡಿದರು. "ದಿನಕ್ಕೆ ನೂರು ಕಿಲೋ ದಾಟಿದ್ರೆ ಮಾತ್ರ ಬೃಹತ್ತು, ಸಾರ್."

"ನೂರು ಕಿಲೋನಾ? ಸುಗ್ಗಿ ಟೈಮಲ್ಲಿ ನಾವು ತೂಕ ಹಾಕೋದೇ ಬಿಟ್ಟುಬಿಡ್ತೀವಿ ಮೇಡಂ. ಯಾರು ಎತ್ತೋರು?"

ಹೆಂಡತಿಯ ಸೂಜಿ ನಿಂತಿತು. ಭಾವನ ಕಾಲಿನ ಮೇಲಿದ್ದ ಕಾಲು ಕೆಳಗಿಳಿಯಿತು. ನೋಂದಣಿ ಖಚಿತಪಡಿಸಲು ಮಾಸ್ಟರ ಮೊಬೈಲಿಗೆ ಒಂದು ಸಂಖ್ಯೆ ಬಂತು, ಅದನ್ನು ಅವರು ಗಟ್ಟಿಯಾಗಿ ಓದಿ ಹೇಳಿದರು. ಅಧಿಕಾರಿ ಅದನ್ನು ತಮ್ಮ ಮೊಬೈಲಿನಲ್ಲಿ ಒತ್ತಿ, ವಂದಿಸಿ ಹೊರಟುಹೋದರು. ಪಕ್ಕದ ಬೇಕರಿಯಲ್ಲಿ ದಿನವೂ ಚೀಲಗಟ್ಟಲೆ ಮೊಟ್ಟೆಸಿಪ್ಪೆ, ಒಣಗಿದ ಬ್ರೆಡ್ಡು ಹೊರಬೀಳುತ್ತಿತ್ತು. ಆ ಬೇಕರಿಯವನು ಮಾತ್ರ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡು "ಸಣ್ಣ" ಎಂದಿದ್ದ. ಬುದ್ಧಿವಂತರು ಕಿವಿಯಿಂದ ಬದುಕುತ್ತಾರೆ, ನಮ್ಮಂಥವರು ಬಾಯಿಂದ ಸಾಯುತ್ತೇವೆ.

ವಾರ ಕಳೆದು ತಳ್ಳುಗಾಡಿಯಲ್ಲಿ ಮೂರು ಡ್ರಮ್ಮು ಬಂದವು, ಹಸಿರು, ನೀಲಿ, ಕೆಂಪು. ಜೊತೆಗೆ ಬಾಗಿಲಷ್ಟಗಲದ ಒಂದು ಬೋರ್ಡು. ಬೋರ್ಡಿನಲ್ಲಿ "ಬೃಹತ್" ಎಂಬ ಅಕ್ಷರಗಳನ್ನು ಕಂಡದ್ದೇ ತಡ, ಮಾಸ್ಟರು ತಂದವರಿಗೆಲ್ಲ ಚಹಾ ತರಿಸಿದರು. ತಾವೇ ಸ್ಟೂಲು ಹತ್ತಿ ಮೊಳೆ ಹೊಡೆದರು. ಕೆಳಗಿಳಿದು ಸೊಂಟಕ್ಕೆ ಕೈಯಿಟ್ಟು ನಿಂತರು.

"ಓದೇ, ಗಟ್ಟಿಯಾಗಿ ಓದು," ಎಂದರು ಹೆಂಡತಿಗೆ.

ಆಕೆ ಓದಿದರು. "ಬೃಹತ್ ತ್ಯಾಜ್ಯ ಉತ್ಪಾದಕರು. ದಿನಕ್ಕೆ ನೂರು ಕಿಲೋಗೂ ಹೆಚ್ಚು."

"ನಡುವೆ ಅದೇನೋ ಓದಿದೆಯಲ್ಲ."

"ತ್ಯಾಜ್ಯ. ಕಸ ಕಣ್ರೀ. ನೀವು ದೊಡ್ಡ ಕಸದೋರು ಅಂತ ಸರ್ಕಾರದೋರು ಬರೆದುಕೊಟ್ಟಿದ್ದಾರೆ. ನಮ್ಮಪ್ಪನಿಗೆ ಇದು ಮದುವೆಗೆ ಮುಂಚೆ ಗೊತ್ತಾಗಬಾರದಿತ್ತಾ?"

ಮಾಸ್ಟರು ಅವತ್ತೇ ಕಚೇರಿಗೆ ಓಡಿದರು. ಅಧಿಕಾರಿ ಮೇಡಂ ಒಳ್ಳೆಯವರು, ಕೂರಿಸಿ ನೀರು ಕೊಟ್ಟರು.

"ತಪ್ಪಾಯ್ತು ಮೇಡಂ. ನಮ್ಮಲ್ಲಿ ಅಷ್ಟೆಲ್ಲ ಕಸ ಇಲ್ಲ."

"ಇಲ್ಲ ಅನ್ನೋ ಹಾಗಿಲ್ಲ ಸಾರ್. ಹಾಗಂದ್ರೆ ಸುಳ್ಳು ಮಾಹಿತಿ ಕೊಟ್ಟ ಹಾಗೆ, ಲೈಸೆನ್ಸ್ ಹೋಗುತ್ತೆ. 'ಇತ್ತು, ಈಗ ಕಡಿಮೆ ಆಗಿದೆ' ಅನ್ನಬಹುದು."

"ಸರಿ, ಕಡಿಮೆ ಆಗಿದೆ ಅಂತ ಬರ್ಕೊಳ್ಳಿ."

"ಕಡಿಮೆ ಆಗಬೇಕಾದ್ರೆ ಮೊದಲು ಇರಬೇಕಲ್ಲ ಸಾರ್? ನೋಂದಣಿ ಆಗಿ ವಾರ ಆಯ್ತು, ನಿಮ್ಮಿಂದ ಒಂದು ಗ್ರಾಮೂ ಬಂದಿಲ್ಲ. ನೀವು ಎಲ್ಲಿ ಬಚ್ಚಿಡ್ತಿದ್ದೀರೋ ಅಂತ ಕಸದ ಗಾಡಿಯವರು ಕೇಳ್ತಿದ್ದಾರೆ. ಮೊದಲು ನೂರು ಕಿಲೋ ತೋರಿಸಿ. ಆಮೇಲೆ ನಿಧಾನವಾಗಿ ಇಳಿಸಿ. ನಾನೇ ಬಂದು ನೋಡ್ತೀನಿ."

ಇಲ್ಲದ ಕಸವನ್ನು ಇಳಿಸಬೇಕಾದರೆ ಮೊದಲು ಏರಿಸಬೇಕು. ಕಾನೂನು ಎಂದರೆ ಇದು, ಮಾಸ್ಟರಿಗೆ ಅರ್ಥವಾಗದ ಯಾವ ಮಾತೂ ಅದರಲ್ಲಿರಲಿಲ್ಲ. ಅದೇ ಅವರಿಗೆ ಹೆಚ್ಚು ಸಂಕಟ ಕೊಟ್ಟಿತು.

ಅಂಗಡಿಗೆ ಮರಳಿದರೆ ಬೋರ್ಡಿನ ಕೆಳಗೆ ಗಣಿತದ ಟೀಚರು ನಿಂತಿದ್ದರು. ಆಕೆ ಮಾಸ್ಟರ ಹಳೆಯ ಗಿರಾಕಿ. ತರಗತಿಯಲ್ಲಿ ಲೆಕ್ಕ ತಪ್ಪಿದವರನ್ನು ನೋಡುವ ಹಾಗೆ ನೋಡಿದರು.

"ಮಾಸ್ಟರೇ, ಹೋದ ತಿಂಗಳು ನನ್ನ ಕುರ್ತಾ ಹೊಲಿದು ಏನಂದ್ರಿ?"

"ಬಟ್ಟೆ ಉಳೀಲಿಲ್ಲ ಅಂದೆ ಟೀಚರ್."

"ನೀವು ದಿನಕ್ಕೆ ಹೊಲಿಯೋದು ಹೆಚ್ಚೆಂದ್ರೆ ನಾಲ್ಕು ಬಟ್ಟೆ. ಉಳಿಯೋದು ನೂರು ಕಿಲೋ. ಅಂದ್ರೆ ಒಂದು ಬಟ್ಟೆಗೆ ಇಪ್ಪತ್ತೈದು ಕಿಲೋ. ನಾನು ಕೊಟ್ಟಿದ್ದೇ ಅರ್ಧ ಕಿಲೋ ಇರಲಿಲ್ಲ. ಹಾಗಾದ್ರೆ ಯಾರ ಯಾರ ಬಟ್ಟೆ ಎಲ್ಲೆಲ್ಲಿಗೆ ಹೋಗ್ತಿದೆ?"

ಲೆಕ್ಕ ಸರಿಯಾಗಿತ್ತು, ಅರ್ಥ ಮಾತ್ರ ಇರಲಿಲ್ಲ. ಆದರೂ ಸುತ್ತ ನೆರೆದವರು ಹೌದು ಹೌದು ಎಂದು ತಲೆಯಾಡಿಸಿದರು. ಅವರ ನಡುವಿನಿಂದ ವಕೀಲರೊಬ್ಬರು ಮುಂದೆ ಬಂದರು. ಅವರು ಕರಿಕೋಟು ಹೊಲಿಸಲು ಬಟ್ಟೆ ಕೊಟ್ಟು ಎಷ್ಟೋ "ನಾಳೆ"ಗಳನ್ನು ಕಂಡಿದ್ದವರು.

"ನಾನು ಎಷ್ಟೋ ಕಳ್ಳರ ಕೇಸು ನಡೆಸಿದೀನಿ. ಬಾಗಿಲಿಗೇ ತಪ್ಪೊಪ್ಪಿಗೆ ಬರೆದು ನೇತುಹಾಕಿದೋರನ್ನ ಇವತ್ತೇ ನೋಡಿದ್ದು," ಎಂದರು.

ಸಂಜೆಯೊಳಗೆ ಹತ್ತಾರು ಜನ ಬಂದು ಕತ್ತರಿಸದ ಬಟ್ಟೆಯನ್ನು ವಾಪಸು ಒಯ್ದರು. ಕಪಾಟು ಬೋಳಾಯಿತು. ಕಸ ಇದೆ ಎಂದರೆ ಗಿರಾಕಿ ಹೋಗುತ್ತಾರೆ, ಇಲ್ಲ ಎಂದರೆ ಲೈಸೆನ್ಸ್ ಹೋಗುತ್ತದೆ. ಎರಡರಲ್ಲಿ ಯಾವುದು ಹೋದರೂ ಅಂಗಡಿ ಮುಚ್ಚಬೇಕು. ಅತ್ತ ದರಿ, ಇತ್ತ ಪುಲಿ. ಆ ಪುಲಿಯನ್ನು ಊಟಕ್ಕೆ ಕರೆದವರು ತಾವೇ ಎಂದು ನೆನೆದಾಗಲೆಲ್ಲ ಮಾಸ್ಟರು ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡು "ಬೃಹತ್ತು!" ಎಂದು ಹಲ್ಲು ಕಡಿಯುತ್ತಿದ್ದರು. ಹೆದರಿಕೆಯೂ ಆಗಿತ್ತು. ಈ ವಯಸ್ಸಿನಲ್ಲಿ ಬೇರೆ ಕಸುಬು ಯಾರು ಕಲಿಸುತ್ತಾರೆ?

ಹೆಂಡತಿ ಒಂದೇ ಮಾತು ಹೇಳಿದರು. "ಹೋಗಿ ನಿಜ ಹೇಳಿ. 'ಜಂಬ ಕೊಚ್ಚಿದೆ' ಅನ್ನಿ."

"ನಿಮ್ಮಣ್ಣನಿಗೆ ಗೊತ್ತಾಗಲ್ವಾ?"

"ನಮ್ಮಣ್ಣನಿಗೆ ಗೊತ್ತಿದೆ ಅನ್ನೋದು ಗೊತ್ತಿಲ್ಲದೆ ಇರೋದು ನಿಮಗೊಬ್ಬರಿಗೇ."

ಈ ವಾಕ್ಯವನ್ನು ಬಿಡಿಸಿ ನೋಡುವ ಧೈರ್ಯ ಮಾಸ್ಟರಿಗೆ ಬರಲಿಲ್ಲ. ಅವರು ಹೊರಗೆ ಬಂದು ಖಾಲಿ ಡ್ರಮ್ಮುಗಳ ಪಕ್ಕ ನಿಂತರು. ಬೇಕರಿಯವನು ಅಲ್ಲೇ ಕಾಯುತ್ತಿದ್ದ.

"ಅಣ್ಣಾ, ಕಸಕ್ಕೆ ಬರ ಬಂದಿದೆಯಂತೆ? ಪಕ್ಕದಲ್ಲಿ ತಮ್ಮ ಅಂತ ಒಬ್ಬ ಇದ್ದೀನಿ, ಮರೀಬೇಡಿ."

ಮರುದಿನ ಬೆಳಗಾಗುವುದರೊಳಗೆ ಹಸಿರು ಡ್ರಮ್ಮು ಮೊಟ್ಟೆಸಿಪ್ಪೆಯಿಂದ ತುಂಬಿತ್ತು. ಉಪಕಾರ ಅಷ್ಟಕ್ಕೇ ನಿಲ್ಲಲಿಲ್ಲ. ಸುದ್ದಿ ಭಾವನಿಗೂ ಮುಟ್ಟಿ, ಅವರು ಫೋನು ಮಾಡಿದರು. "ಮಾಸ್ಟರೇ, ನಿಮ್ಮದು ಬೃಹತ್ತು, ನಿಮಗೆ ಪರ್ಮಿಷನ್ ಇದೆ. ನಮ್ಮದು ನಾಲ್ಕು ಮೂಟೆ ಕಳಿಸ್ತೀನಿ, ಸೇರಿಸ್ಕೊಳ್ಳಿ. ಮನೆ ಜನ ತಾನೇ?" ಮಧ್ಯಾಹ್ನಕ್ಕೆ ಕಾರ್ಖಾನೆಯ ಚಿಂದಿ ಬಂದು ನೀಲಿ ಡ್ರಮ್ಮು ತುಂಬಿ, ಕೆಂಪು ಡ್ರಮ್ಮೂ ತುಂಬಿ, ಉಳಿದದ್ದು ಎರಡನೆಯ ಹೊಲಿಗೆ ಯಂತ್ರದ ಮೇಲೆ ಕೂತಿತು. ಎಲ್ಲರೂ ಕಸ ಕೊಟ್ಟರು, ಯಾರೂ ಬೋರ್ಡು ಕೇಳಲಿಲ್ಲ.

ಮಾಸ್ಟರಿಗೆ ಸ್ವಲ್ಪ ಉಸಿರು ಬಂತು. ತೂಕವಂತೂ ನೂರು ದಾಟಿತು. ಅಧಿಕಾರಿ ಮೇಡಂ ಬಂದು ನೋಡಲಿ, ನಾಳೆಯಿಂದ ಇಳಿಸಿದರಾಯಿತು. ಇಲ್ಲೂ ಅವರು "ನಾಳೆ" ಎಂದೇ ಅಂದುಕೊಂಡದ್ದು.

ಅಧಿಕಾರಿ ಮೇಡಂ ಬಂದರು. ತಮ್ಮ ಮೂಟೆಯ ಲೆಕ್ಕ ಚುಕ್ತಾ ಆಯಿತೇ ಎಂದು ನೋಡಲು ಭಾವನೂ ಬಂದು, ಕುರ್ಚಿಯಲ್ಲಿ ಕೂತರು. ಕತ್ತರಿಸಿಟ್ಟಿದ್ದರಿಂದ ಅಂದು ಒಯ್ಯಲಾಗದ ಕೋಟಿನ ಬಟ್ಟೆಯನ್ನು ವಾಪಸು ಕೇಳಲು ವಕೀಲರೂ, ಅವರಿಗೆ ಲೆಕ್ಕದ ಬೆಂಬಲ ಕೊಡಲು ಟೀಚರೂ ಅದೇ ಹೊತ್ತಿಗೆ ಬಂದರು. ಬೇಕರಿಯವನು ತನ್ನ ಬಾಗಿಲಲ್ಲೇ ನಿಂತು ಆಕಾಶ ನೋಡುತ್ತಿದ್ದ.

ಮೇಡಂ ಹಸಿರು ಡ್ರಮ್ಮಿನ ಮುಚ್ಚಳ ತೆಗೆದು, ಬೇಗ ಮುಚ್ಚಿದರು.

"ಹೊಲಿಗೆ ಅಂಗಡೀಲಿ ಮೊಟ್ಟೆ ಯಾಕೆ ಸಾರ್?"

ಪ್ರಶ್ನೆ ಎಂಬುದು ಬಂದಾಗ ಉತ್ತರ ಕೊಡದೆ ಸುಮ್ಮನಿದ್ದು ಮಾಸ್ಟರಿಗೆ ಅಭ್ಯಾಸವಿರಲಿಲ್ಲ.

"ಕಾಲರ್ ಗಟ್ಟಿಯಾಗೋಕೆ ಮೇಡಂ."

ಮೆಟ್ಟಿಲ ಬಳಿ ನೆರೆದಿದ್ದ ಗಿರಾಕಿಯೊಬ್ಬರು ತಮ್ಮ ಕಾಲರನ್ನು ಮೂಸಿ ನೋಡಿಕೊಂಡರು. ಅಷ್ಟರಲ್ಲಿ ನೀಲಿ ಡ್ರಮ್ಮಿನೊಳಗೆ ಕೈಹಾಕಿದ್ದ ವಕೀಲರು ಒಂದು ಹಿಡಿ ಕರಿ ಚಿಂದಿಯನ್ನು ಎತ್ತಿ ಹಿಡಿದು ಕೂಗಿದರು.

"ನನ್ನ ಕೋಟು! ನನ್ನ ಕೋಟನ್ನ ಇಲ್ಲಿ ಚೂರು ಚೂರು ಮಾಡಿಟ್ಟಿದ್ದಾನೆ!"

"ಇಲ್ಲಿ ನೀಲಿ ಬಟ್ಟೆ ಇದೆ, ನನ್ನ ಕುರ್ತಾದ್ದು!" ಎಂದರು ಟೀಚರು.

"ಅಂದ್ರೆ ನಿಮ್ಮಲ್ಲಿ ಕಸ ಇದೆ," ಎಂದರು ಮೇಡಂ, ಮೊಬೈಲು ತೆಗೆದು. "ಇದು ನಿಮ್ಮ ಅಂಗಡೀದೇ ತಾನೇ? ಒಂದು ಮಾತು ಹೇಳಿ, ಒತ್ತಿಬಿಡ್ತೀನಿ."

ಎಲ್ಲರೂ ಮಾಸ್ಟರ ಬಾಯನ್ನೇ ನೋಡಿದರು. ಹೌದು ಎಂದರೆ ಇನ್ನು ಮೇಲೆ ಈ ಮೆಟ್ಟಿಲನ್ನು ಯಾವ ಗಿರಾಕಿಯೂ ಹತ್ತುವುದಿಲ್ಲ. ಅಲ್ಲ ಎಂದರೆ ಭಾವನ ಎದುರಿಗೇ ಎಲ್ಲ ಹರಾಜು. ಮಾಸ್ಟರು ಹೆಂಡತಿಯ ಕಡೆ ನೋಡಿದರು. ಆಕೆಯ ಕೈಯಲ್ಲಿ ಗುಂಡಿ ಹಚ್ಚಲು ಒಂದು ಅಂಗಿಯೂ ಇರಲಿಲ್ಲ, ಖಾಲಿ ಸೂಜಿಗೆ ಸುಮ್ಮನೆ ದಾರ ಪೋಣಿಸುತ್ತಿದ್ದರು. ಅದನ್ನು ನೋಡಿ ಮಾಸ್ಟರಿಗೆ ಅಳು ಬಂತು.

"ಅಲ್ಲ ಮೇಡಂ," ಎಂದರು. "ಯಾವುದೂ ನಂದಲ್ಲ. ಮೊಟ್ಟೆ ಬೇಕರೀದು, ಚಿಂದಿ ನಮ್ಮ ಭಾವಂದು. ನನ್ನ ಕಸ ಅಲ್ಲಿ ಮೊಳೆಗೆ ನೇತುಹಾಕಿದೆ ನೋಡಿ, ಆ ಕೈಚೀಲ. ತಿಂಗಳಾದ್ರೂ ತುಂಬಲ್ಲ. ನಾನು ಸಣ್ಣೋನು ಮೇಡಂ. ಸಣ್ಣ ಅಂದ್ರೆ ತೀರಾ ಸಣ್ಣ. ಆ ಎರಡನೇ ಮಿಷನ್ ಓಡೋದೂ ಇಲ್ಲ. ಅವತ್ತು ಭಾವ ಕೂತಿದ್ರು, ನೀವು ಬೃಹತ್ತಾ ಅಂತ ಕೇಳಿದ್ರಿ. ಹುಟ್ಟಿದಾಗಿಂದ ನನ್ನನ್ನ ಯಾರೂ ಹಾಗೆ ಕೇಳಿರಲಿಲ್ಲ."

ಬೇಕರಿಯವನು ಒಳಗೆ ಹೋಗಿ ಬಾಗಿಲೆಳೆದುಕೊಂಡ. ಮೇಡಂ ಭಾವನ ಕಡೆ ತಿರುಗಿದರು.

"ನಿಮ್ಮದು ಲಾರಿಗಟ್ಟಲೆ ಅಂತ ಅವತ್ತು ಬಾಗಿಲ ಹೊರಗೇ ಕೇಳಿಸಿತ್ತು. ನೋಂದಣಿ ಆಗಿದೆಯಾ?"

"ಲಾರೀನಾ? ಅಯ್ಯೋ, ಸುಮ್ಮನೆ ಮಾತಿಗೆ ಅಂದೆ ಮೇಡಂ. ನಮ್ಮದು ತೀರಾ ಸಣ್ಣದು. ಇವರಿಗಿಂತ ಸಣ್ಣದು," ಎಂದರು ಭಾವ, ಕುರ್ಚಿಯ ತುದಿಗೆ ಜರುಗಿ.

ಮಾಸ್ಟರಿಗೆ ಆ ದುಃಖದಲ್ಲೂ ಒಂದು ಗುಟುಕು ಸುಖ ಸಿಕ್ಕಿತು. ಆದರೆ ಮೇಡಂ ಮತ್ತೆ ಅವರ ಕಡೆಗೇ ತಿರುಗಿದರು, ಈಗ ಆಕೆಯ ಮುಖದಲ್ಲೂ ಬೇಸರವಿತ್ತು.

"ಸಾರ್, ನೀವು ಸುಳ್ಳು ಮಾಹಿತಿ ಕೊಟ್ಟಿದ್ದು ಅಂತ ಈಗ ಒಪ್ಪಿಕೊಂಡ ಹಾಗಾಯ್ತು. ನಾನು ಲೈಸೆನ್ಸ್ ತಡೆಹಿಡೀಲೇಬೇಕು."

ವಕೀಲರು ಕರಿ ಚಿಂದಿಯನ್ನು ಬೆಳಕಿಗೆ ಹಿಡಿದು ನೋಡಿದರು. ಅದು ಯಾವುದೋ ಪ್ಯಾಂಟಿನ ಜೇಬಿನ ಬಟ್ಟೆಯಾಗಿತ್ತು, ಕೋಟಿನದಲ್ಲ. ಮೊಳೆಗೆ ನೇತುಹಾಕಿದ್ದ ಕೈಚೀಲವನ್ನು ಇಳಿಸಿ ಮೇಜಿನ ಮೇಲೆ ಸುರಿದರು. ಬಿದ್ದದ್ದು ಬೆರಳಗಲದ ಚೂರು, ದಾರದ ಉಂಡೆ. ಅವರು ಗಂಟಲು ಸರಿಮಾಡಿಕೊಂಡರು. ಎದುರಿಗೆ ಒಬ್ಬರು ತೀರ್ಪು ಕೊಡುವವರು ಕಂಡರೆ ಸುಮ್ಮನಿರಲು ವಕೀಲರಿಗೂ ಆಗುವುದಿಲ್ಲ.

"ಒಂದು ನಿಮಿಷ ಮೇಡಂ. ಸುಳ್ಳು ಮಾಹಿತಿ ಅಂದ್ರೇನು? ಕೇಳಿದೋರು ನಂಬೋ ಹಾಗೆ ಹೇಳಿದ ಸುಳ್ಳು. ಈ ಮನುಷ್ಯನ ಮಾತನ್ನ ಈ ಬೀದೀಲಿ ಇವತ್ತಿನವರೆಗೆ ಯಾರಾದ್ರೂ ನಂಬಿದ್ದಾರಾ? ನನ್ನ ಕೋಟು ನಾಳೆ ನಾಳೆ ಅಂತ ಮಳೆಗಾಲ ಕಳೀತು. ಸಾಕ್ಷಿ ಬೇಕಾ? ಟೀಚರ್, ಹೇಳಿ."

"ಮಗಳ ಶಾಲೆ ಅಂಗಿ ಕೊಡೋ ಹೊತ್ತಿಗೆ ಅವಳು ಮುಂದಿನ ಕ್ಲಾಸಿಗೆ ಹೋಗಿದ್ಲು, ಅಂಗಿ ಅವಳಿಗೆ ಆಗ್ಲೇ ಇಲ್ಲ," ಎಂದರು ಟೀಚರು ಕೂಡಲೆ.

"ಕೇಳಿದ್ರಾ! ಇಂಥವನು 'ನೂರು ಕಿಲೋ' ಅಂದ್ರೆ ಅದು ಮಾಹಿತಿ ಹೇಗಾಗುತ್ತೆ? ಅದು ಇವನ ಉಸಿರಾಟ. ಉಸಿರಾಡಿದ್ದಕ್ಕೆ ಲೈಸೆನ್ಸ್ ಕಿತ್ಕೊಳ್ಳೋಕೆ ಯಾವ ಕಾನೂನಿದೆ?"

ಬೀದಿಯೆಲ್ಲ ಸಾಕ್ಷಿ ಹೇಳಲು ಮುಗಿಬಿತ್ತು. ಒಬ್ಬರು ಮಾಸ್ಟರು ಸುಳ್ಳುಬುರುಕ ಎಂದರು, ಇನ್ನೊಬ್ಬರು ಬಡಾಯಿಕೋರ ಎಂದರು, ಮತ್ತೊಬ್ಬರು ಮಾಸ್ಟರ ಅಳತೆ ಟೇಪೂ ಉತ್ಪ್ರೇಕ್ಷೆ ಮಾಡುತ್ತದೆ ಎಂದರು. ತಮ್ಮ ಪರವಾಗಿ ಇಷ್ಟು ಜನ ಇಷ್ಟು ಕೆಟ್ಟದಾಗಿ ಮಾತಾಡಿದ್ದನ್ನು ಮಾಸ್ಟರು ಎಂದೂ ಕೇಳಿರಲಿಲ್ಲ. ಕೈಮುಗಿದು, ಕಣ್ಣು ತುಂಬಿಕೊಂಡು, ಒಂದೊಂದು ಬೈಗುಳಕ್ಕೂ "ಹೌದು, ಹೌದು" ಎಂದು ತಲೆಯಾಡಿಸಿದರು. ಮೇಡಂಗೆ ನಗು ತಡೆಯಲಾಗಲಿಲ್ಲ. ಮೊಬೈಲಿನಲ್ಲಿ ಬದಲಾವಣೆಯ ಕಾರಣ ಎಂಬಲ್ಲಿ "ಸ್ಥಳಾಂತರ", "ಮುಚ್ಚುಗಡೆ" ಎಂಬುದನ್ನೆಲ್ಲ ದಾಟಿ "ಇತರೆ" ಎಂಬುದನ್ನು ಒತ್ತಿ, ಅದರ ಮುಂದೆ "ಸ್ವಭಾವ" ಎಂದು ಬರೆದುಕೊಂಡರು.

"ಬೋರ್ಡು ಇಳಿಸಿ. ಆದ್ರೆ ಇನ್ನು ಮೇಲೆ ಚೂರು ಬಟ್ಟೆ ಕೂಡ ಹೊರಗೆ ಬೀಳಬಾರದು, ನಾನು ನೋಡ್ತಾ ಇರ್ತೀನಿ," ಎಂದು ಎಚ್ಚರಿಸಿ, ಬೇಕರಿಯ ಬಾಗಿಲು ತಟ್ಟಲು ಹೋದರು. ಭಾವ ಆಗಲೇ ಹಿಂದಿನ ಬಾಗಿಲಿಂದ ಹೋಗಿಬಿಟ್ಟಿದ್ದರು.

ಆ ದಿನದಿಂದ ಮಾಸ್ಟರು ಹೊಸ ಪದ್ಧತಿ ಶುರುಮಾಡಿದರು. ಯಾರ ಬಟ್ಟೆಯಲ್ಲಿ ಏನು ಉಳಿದರೂ, ದಾರದ ಎಳೆಯನ್ನೂ ಬಿಡದೆ, ಪೊಟ್ಟಣ ಕಟ್ಟಿ ಹೊಲಿದ ಬಟ್ಟೆಯ ಜೊತೆ ಅವರ ಕೈಗೇ ಕೊಡುವುದು. ಅಲ್ಲಿಗೆ ಅಂಗಡಿಯಲ್ಲಿ ಕಸವೂ ಇಲ್ಲ, ಕದ್ದ ಅನ್ನುವವರೂ ಇಲ್ಲ. ಗಿರಾಕಿಗಳು ಮೊದಮೊದಲು ಖುಷಿಯಿಂದ ಒಯ್ದರು. ಕಪಾಟು ಮತ್ತೆ ತುಂಬಿತು. ಹೆಂಡತಿಯ ಸೂಜಿಗೆ ಬಿಡುವಿಲ್ಲದಾಯಿತು.

ಆಮೇಲೆ ಜನ ಪೊಟ್ಟಣವನ್ನು ಮೇಜಿನ ಮೇಲೆ ಮರೆತುಹೋಗತೊಡಗಿದರು. ಮಾಸ್ಟರು ಬಿಡುವವರಲ್ಲ. "ನಿಮ್ಮ ಬಟ್ಟೆ! ನಿಮ್ಮ ಬಟ್ಟೆ!" ಎಂದು ಕೂಗುತ್ತಾ ಬೀದಿಯ ಕೊನೆಯವರೆಗೆ ಅಟ್ಟಿಸಿಕೊಂಡು ಹೋಗುತ್ತಿದ್ದರು. ಕೊನೆಗೂ ಕೋಟು ಸಿಕ್ಕ ದಿನ ವಕೀಲರೂ ಓಡಿದರು, ಸಂಭ್ರಮದಲ್ಲಲ್ಲ, ಪೊಟ್ಟಣಕ್ಕೆ ಹೆದರಿ.

ಒಂದು ಸಂಜೆ ಗಣಿತದ ಟೀಚರು ಹೊಸ ಬಟ್ಟೆ ತಂದು ಮೇಜಿನ ಮೇಲಿಟ್ಟರು. ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಮಾಸ್ಟರೇ, ಒಂದು ಉಪಕಾರ ಆಗಬೇಕು. ಮನೇಲಿ ಪೊಟ್ಟಣ ಇಡೋಕೆ ಜಾಗ ಇಲ್ಲ. ಕಸದೋರು ಬಟ್ಟೆ ಚೂರು ಮುಟ್ಟಲ್ಲ ಅಂತಾರೆ. ನಮ್ಮ ಮನೆಯವರು ಬೈತಾರೆ. ಈ ಸಲ ಬಟ್ಟೆ ಉಳೀಲಿಲ್ಲ ಅಂತ ಹೇಳಿಬಿಡಿ."

"ಉಳಿದಿದ್ರೆ, ಟೀಚರ್?"

"ಉಳಿದಿದ್ರೂ ಹೇಳಿ. ನಾನು ನಂಬ್ತೀನಿ."

ಮಾಸ್ಟರು ಕತ್ತರಿಯನ್ನು ಮೇಜಿನ ಮೇಲಿಟ್ಟರು. ಕಸುಬು ಹಿಡಿದಾಗಿನಿಂದ ನಿಜ ಹೇಳಿ ಹೇಳಿ ದಕ್ಕದ ನಂಬಿಕೆ, ಸುಳ್ಳು ಹೇಳುತ್ತೇನೆ ಎಂದು ಒಪ್ಪಿದರೆ ಕೈಗೇ ಬರುವಂತಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಹೆಂಡತಿಯ ಕಡೆ ತಿರುಗಿದರು. ಆಕೆ ಹಲ್ಲಿನಲ್ಲಿ ದಾರ ಕಡಿದು, ಹೇಳಿಬಿಡಿ ಎಂಬಂತೆ ಕಣ್ಣು ಮಿಟುಕಿಸಿದರು.

"ಬಟ್ಟೆ ಉಳೀಲಿಲ್ಲ, ಟೀಚರ್," ಎಂದರು ಮಾಸ್ಟರು.

ಬಟ್ಟೆಯ ಮಡಿಕೆಯನ್ನೇ ಇನ್ನೂ ಬಿಡಿಸಿರಲಿಲ್ಲ. ಆದರೂ ಟೀಚರು ಮೇಜಿನ ಕೆಳಗೆ ಬಗ್ಗಿ ನೋಡದೆ, ಪೂರ್ತಿ ನಂಬಿ, ಮೆಟ್ಟಿಲಿಳಿದು ಹೋದರು.